ಶಹಾಬಾದಿಗೆ ನಲವತ್ತು

11 ನವೆಂಬರ್ 2025, ಮಂಗಳವಾರ, ಬೆಳಿಗ್ಗೆ 10.20
ಸೇಡಂ. ಸರ್ವರ್ ಕೋಣೆಯ ಎಸಿ ಮತ್ತೆ ಸೋರುತ್ತಿದೆ. ಬಕೆಟ್ ಇಟ್ಟು ಕೆಲಸ ಶುರು. ಹೊಸ ಸೆಷನ್ ಬಾರ್ಡರ್ ಕಂಟ್ರೋಲರ್ — ನಮ್ಮ ಆಸ್ಪತ್ರೆಯ ಐದೂ ಶಾಖೆಗಳ ಫೋನ್ ಮಾತು ಹಾದುಹೋಗುವ ಗೇಟು. ಕೇಬಲ್ ಒಂದೇ. ಅದರೊಳಗೆ ಊರಿಗೊಂದು ದಾರಿ, ಅದೇ ವಿಎಲ್ಎಎನ್. ದಾರಿಗೊಂದು ನಂಬರು, ನಂಬರಿಗೊಂದು ಬಾಗಿಲು, ಅದೇ ಸಬ್-ಇಂಟರ್‌ಫೇಸ್. ಸೇಡಂ 10, ಚಿತ್ತಾಪುರ 20, ವಾಡಿ 30, ಚಿಂಚೋಳಿ 40, ಶಹಾಬಾದ 50. ರಸ್ತೆಯ ದೂರ ನೋಡಿ ಕೊಟ್ಟದ್ದು.
ಶಹಾಬಾದಿನದು ಖುರ್ಷಿದಬೇಗಂ ಅವರಿಗೆ. ಇಪ್ಪತ್ತೆರಡು ವರ್ಷ ಇಲ್ಲಿ ಕೂತು ಕರೆ ಜೋಡಿಸಿದವರು. ಮೊಣಕಾಲು ಆಪರೇಷನ್ ಆಗಿದೆ, ಬಸ್ಸು ಹತ್ತಲಾಗದು. ಇನ್ನು ಮನೆ ಪಕ್ಕದ ಶಾಖೆಯಿಂದಲೇ ಕೆಲಸ ಮಾಡುತ್ತಾರೆ. ಸೋಮವಾರದೊಳಗೆ ಅಲ್ಲಿಯ ಫೋನ್ ನಡೆಯದಿದ್ದರೆ ಆಕೆಯ ಜಾಗಕ್ಕೆ ರೆಕಾರ್ಡಿಂಗ್ — ಮ್ಯಾನೇಜರ್ ಅಶೋಕಕುಮಾರ ಹೇಳಿಯಾಗಿದೆ.

12 ನವೆಂಬರ್
ರೆಕಾರ್ಡಿಂಗಿನ ಟ್ರಯಲ್. ಚಂದ್ರಂಪಳ್ಳಿಯಿಂದ ಅಂಬರಾಯ ಕರೆ ಮಾಡಿದರು. "ಡಾಕ್ಟರಿಗಾಗಿ ಒಂದನ್ನು ಒತ್ತಿ" ಎಂದಿತು.
"ಏನ್ ಒತ್ತಬೇಕ್ರಿ? ಬೇಗಂ ಬಾಯಿಗಿ ಕೊಡ್ರಿ."
ಮೂರು ಸಲ ಕೇಳಿದರು, ರೆಕಾರ್ಡಿಂಗಿಗೇ. ಇಟ್ಟುಬಿಟ್ಟರು. ನಾನೇ ತಿರುಗಿ ಮಾಡಿದೆ. ಹೆಂಡತಿ ಹೀರಾಬಾಯಿಗೆ ದಮ್ಮು ಹೆಚ್ಚಾಗಿತ್ತು.

14 ನವೆಂಬರ್, ಮಧ್ಯಾಹ್ನ 3.10
ಶಹಾಬಾದ ಸತ್ತಿದೆ. ಐಪಿ, ಗೇಟ್‌ವೇ, ನಂಬರು — ಮೂರು ಸಲ ನೋಡಿದೆ. ಎಲ್ಲ ಸರಿ. ಖುರ್ಷಿದಬೇಗಂ ಮೊಬೈಲಿನಿಂದ:
"ಅಂಬುಜಾ ಬೇಟಿ, ಮುಂಜಾನಿಂದ ಕಿವಿಗಿ ಹಚ್ಚಿಕೊಂಡು ಕುಂತೀನಿ. ಸೊಳ್ಳಿ ಸಪ್ಪಳನೂ ಇಲ್ಲ."
"ಊಟ ಆಯ್ತೇನ್ರಿ?"
"ಅದು ನಾ ಕೇಳೋ ಮಾತು. ನೀ ಉಂಡೇನು?"
ಉಂಡೆ ಎಂದೆ.
"ಸುಳ್ಳ ಹೇಳಬ್ಯಾಡ. ದನಿ ಗೊತ್ತಾಗ್ತದ."

16 ನವೆಂಬರ್, ಭಾನುವಾರ, ಬೆಳಿಗ್ಗೆ 11.40
ನಿನ್ನೆ ಬರೆಯಲು ಏನೂ ಇರಲಿಲ್ಲ. ಇಂದು ಸುಮ್ಮನೆ ಚಿಂಚೋಳಿಯನ್ನೂ ಪರೀಕ್ಷಿಸಿದೆ. ಅದೂ ಸತ್ತಿದೆ! ಅಲ್ಲಿ ಹಳೆಯ ಲೈನ್ ಇನ್ನೂ ಇರುವುದರಿಂದ ಯಾರಿಗೂ ತಿಳಿದಿಲ್ಲ. ಮೂರು ಊರು ಸರಿ, ಎರಡು ಇಲ್ಲ… ಅದಲು ಬದಲು?
ಗೇಟಿನ ಪಕ್ಕದಲ್ಲಿ, ಊರೂರಿನ ವಯರು ಬಂದು ಸೇರುವ ಸ್ವಿಚ್ಚಿಗೆ ನಂಬರು ಕೂರಿಸಿದವರು ದಶರಥಣ್ಣ. ಮೂವತ್ತು ವರ್ಷ ರೈಲ್ವೆ ಸಿಗ್ನಲ್ ಕೇಬಲ್ ಎಳೆದು ನಿವೃತ್ತರಾದವರು. ಹೇಗೆ ಕೂರಿಸಿದಿರಿ ಎಂದು ಫೋನ್ ಮಾಡಿ ಕೇಳಿದೆ.
"ಹೆಂಗಂದ್ರ? ಗಾಡಿ ಹೋದಂಗ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ. ನಿಮ್ಮ ಚಿಂಚೋಳಿಗಿ ಗಾಡಿ ಎಲ್ಲದ? ಕಡೀಗಿ ಹಾಕೀನಿ."
ನನ್ನ ಮೆಸೇಜು ತೆಗೆದು ನೋಡಿದೆ: 'ಐದು ಊರು, 10ರಿಂದ 50, ಕ್ರಮವಾಗಿ.' ಯಾವ ಕ್ರಮ? ಬರೆದಿಲ್ಲ. ತಪ್ಪು ನನ್ನದು.
"ಬಂದು ಬದಲಿ ಮಾಡ್ಲೇನವ್ವ?"
"ಬ್ಯಾಡ್ರಿ."
ಪ್ರತಿ ವಯರಿಗೂ ಬಿಳಿ ಪಟ್ಟಿ ಸುತ್ತಿ ಮುತ್ತಿನಂಥ ಅಕ್ಷರದಲ್ಲಿ ನಂಬರು ಬರೆದಿದ್ದಾರೆ. ಕೀಳಲು ಮನಸ್ಸಾಗಲಿಲ್ಲ. ಗೇಟನ್ನೇ ಬದಲಿಸಿದೆ. ಶಹಾಬಾದ 40. ಚಿಂಚೋಳಿ, ನನ್ನ ತವರು, 50. ಸೇವ್.

17 ನವೆಂಬರ್, ಸೋಮವಾರ, ಬೆಳಿಗ್ಗೆ 9.15
ಮೊದಲ ಕರೆಯೇ ಚಂದ್ರಂಪಳ್ಳಿಯದು. ಶಹಾಬಾದಿಗೆ ಜೋಡಿಸಿ, ಇಲ್ಲಿ ಸ್ಪೀಕರಿಗೆ ಹಾಕಿದೆ. ಅಶೋಕಕುಮಾರ ಕೈಕಟ್ಟಿ ನಿಂತಿದ್ದರು.
"ಬೇಗಂ ಬಾಯಿ ಏನ್ರಿ?"
"ಹೌದ್ರಿ ಅಂಬರಾಯ. ಹೀರಾಬಾಯಿ ದಮ್ಮು ಹೆಂಗದ?"
"ಎಲ್ಲಿ ಹೋಗಿದ್ರಿ? ಅಕಿ ಯಾರೋ ಕುಂತು ಒತ್ತು ಒತ್ತು ಅಂತಾಳ್ರಿ, ಹೆಸರೇ ಕೇಳವಲ್ಲಳು."
ಅಶೋಕಕುಮಾರ ನಕ್ಕುಬಿಟ್ಟರು. "ಆ ರೆಕಾರ್ಡಿಂಗ್ ತೆಗೀರಿ" ಎಂದು ಹೊರಟರು.
ಈಗ ನನ್ನ ಮೇಜಿನ ಫೋನ್. ಪರದೆಯಲ್ಲಿ ಶಹಾಬಾದ. ಏನು ಕೇಳುತ್ತಾರೆಂದು ಗೊತ್ತು. ತಿಂಡಿ ಡಬ್ಬಿ ಇನ್ನೂ ಬಿಚ್ಚಿಲ್ಲ, ಸುಳ್ಳು ಹೇಳಿದರೆ ದನಿ…