ಹದಿನಾಲ್ಕನೇ ಪುಟ

ತಿ. ನರಸೀಪುರ
೩ ಮಾರ್ಚ್ ೨೦೨೫, ಸೋಮವಾರ

ಪ್ರೀತಿಯ ಇಂದ್ರಾಣಿ ಅತ್ತೆಗೆ,

ನಿಮ್ಮಣ್ಣ ಗುರುವಿನ ಮಗಳು ಸಂಘಮಿತ್ರಾ ಮಾಡುವ ನಮಸ್ಕಾರ. ಹೇಗಿದ್ದೀರಿ? ಹೊಸಪೇಟೆಯಲ್ಲಿ ಆಗಲೇ ಬಿಸಿಲು ಏರಿರಬೇಕು, ಮಧ್ಯಾಹ್ನ ಹೊರಗೆ ಓಡಾಡಬೇಡಿ. ಮಂಡಿನೋವು ನಮ್ಮ ಮನೆಯವರನ್ನು ಯಾರನ್ನೂ ಬಿಟ್ಟಿಲ್ಲ, ನಿಮ್ಮನ್ನೂ ಬಿಟ್ಟಿರಲಾರದು. ವನಜಾಕ್ಷಿಯವರು ಕ್ಷೇಮವೇ? ಅವರನ್ನು ಏನೆಂದು ಕರೆಯಬೇಕೆಂದು ಅರ್ಧ ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಅವರೂ ಅತ್ತೆಯೇ ಎಂದು ತೀರ್ಮಾನಿಸಿದ್ದೇನೆ, ಬೇಡವೆನಿಸಿದರೆ ಇಬ್ಬರೂ ಸೇರಿ ಬೈಯಿರಿ. ನೀವು ಮನೆ ಬಿಟ್ಟಾಗ ನಾನು ಒಂದು ವರ್ಷದ ಕೂಸು, ನಿಮ್ಮ ಮುಖ ನೆನಪಿಲ್ಲ. ಮಂಚಮ್ಮಜ್ಜಿ ಚೆನ್ನಾಗಿದ್ದಾಳೆ. ಎಂಬತ್ತೆಂಟಾಯಿತು, ಕಣ್ಣು ಮಂಜು, ಕಿವಿ ಅಷ್ಟಕ್ಕಷ್ಟೇ, ನಾಲಿಗೆ ಮಾತ್ರ ಮೊದಲಿನ ಹಾಗೇ ಚುರುಕಾಗಿದೆ.

ನಾನು ನಂಜನಗೂಡಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ಚರಿತ್ರೆ ಪಾಠ ಮಾಡುತ್ತೇನೆ. ತಾಂಡ್ಯದ ನೂಲಿನ ಕಾರ್ಖಾನೆಗೆ ಹೋಗುತ್ತಿದ್ದ ದಿನಗಳಲ್ಲಿ ನೀವಿಬ್ಬರೂ ನಂಜನಗೂಡಿನಲ್ಲಿ ಬಾಡಿಗೆಗಿದ್ದ ಕೋಣೆ ಎಲ್ಲಿತ್ತೆಂದು ಅಜ್ಜಿ ಹೇಳಿದ್ದಾಳೆ. ಮುಂದಿದ್ದ ಹಿಟ್ಟಿನ ಗಿರಣಿ ಇನ್ನೂ ಇದೆ, ಕೋಣೆಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಆ ಕಡೆ ಹೋಗಬೇಕಾದಾಗಲೆಲ್ಲ ನಾನು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತೇನೆ. ಅಪ್ಪ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಹೋಗಿ ನಿಮ್ಮ ಟ್ರಂಕನ್ನು ಬೀದಿಗೆ ಎಸೆದದ್ದು ಅಲ್ಲಿಯೇ ತಾನೆ? ವನಜಾಕ್ಷಿ ಅತ್ತೆಯ ಅಣ್ಣಂದಿರೂ ಹುಲ್ಲಹಳ್ಳಿಯಿಂದ ಬಂದಿದ್ದರಂತೆ. ಹುಟ್ಟಿದಾಗಿನಿಂದ ನಮ್ಮ ಬೀದಿಗೆ ಕಾಲಿಡದಿದ್ದ ಆ ಜನ, ಕೆಲಸ ಮುಗಿದ ಮೇಲೆ ಅಪ್ಪನ ಜೊತೆ ಒಂದೇ ಚೊಂಬಿನಿಂದ ನೀರು ಕುಡಿದರಂತೆ. ಜಾತಿ ಮರೆಯುವುದಕ್ಕೆ ಅವರಿಗೆ ಸಿಕ್ಕ ಪುಣ್ಯಕಾರ್ಯ ನೋಡಿ! ಅಪ್ಪ ಅದನ್ನು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ, ನಿಮ್ಮ ಹೆಸರನ್ನು ಮಾತ್ರ ಬಿಟ್ಟು.

ನಾನೂ ಹಾಲಿನಲ್ಲಿ ಮಿಂದವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ತೇಜಸ್ವಿನಿ ಎನ್ನುವ ಹುಡುಗಿಯ ದಿಂಬಿನ ಕೆಳಗೆ ಇನ್ನೊಬ್ಬ ಹುಡುಗಿ ಬರೆದ ಕಾಗದ ಸಿಕ್ಕಿತು. ಊಟದ ಮನೆಯಲ್ಲಿ ಹುಡುಗಿಯರು ಅದನ್ನು ಗಟ್ಟಿಯಾಗಿ ಓದಿದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನನ್ನ ಪೆಟ್ಟಿಗೆಯಲ್ಲಿ ಅಂಥ ಕಾಗದ ಇರಲಿಲ್ಲ, ಏಕೆಂದರೆ ಬರೆಯುವ ಧೈರ್ಯ ನನಗಿರಲಿಲ್ಲ, ಅಷ್ಟೇ ವ್ಯತ್ಯಾಸ. ತೇಜಸ್ವಿನಿ ಮಾರನೆಯ ವಾರ ಓದು ಬಿಟ್ಟು ಊರಿಗೆ ಹೋದಳು. ಆ ನಗು ನೆನಪಾದಾಗ ಈಗಲೂ ನನ್ನ ಬಾಯನ್ನು ಬೂದಿ ಹಾಕಿ ತಿಕ್ಕಿಕೊಳ್ಳಬೇಕು ಅನಿಸುತ್ತದೆ.

ಆಮೇಲೆ ನಾನು ಕಳ್ಳಿಯ ಹಾಗೆ ಓದಲು ಶುರುಮಾಡಿದೆ. ಲೈಬ್ರರಿಯ ಹಿಂದಿನ ಕಪಾಟಿನ ಸಂದಿಯಲ್ಲಿ, ಮೇಲೊಂದು ಮೌರ್ಯರ ಆಡಳಿತದ ಪುಸ್ತಕ ಮುಚ್ಚಿಕೊಂಡು. ಮೊದಲು ಸಿಕ್ಕ ಕಥೆಯಲ್ಲಿ ಇಬ್ಬರು ಹೆಂಗಸರು ಬಾವಿಗೆ ಬಿದ್ದರು. ಎರಡನೆಯದರಲ್ಲಿ ಒಬ್ಬಳಿಗೆ ಹುಚ್ಚು ಹಿಡಿಯಿತು. ಮೂರನೆಯದರಲ್ಲಿ ಒಬ್ಬಳು ಮದುವೆಯಾಗಿ ಹೋಗುತ್ತಾಳೆ, ಇನ್ನೊಬ್ಬಳು ಬಸ್ ಸ್ಟ್ಯಾಂಡಿನಲ್ಲಿ ನಿಂತು ಅಳುತ್ತಾಳೆ. ನನಗೆ ಎಷ್ಟು ಹೇಸಿಗೆಯಾಯಿತೆಂದರೆ ಪುಸ್ತಕವನ್ನು ಕಪಾಟಿಗೆ ತಲೆಕೆಳಗಾಗಿ ತುರುಕಿ ಬಂದೆ. ನಮ್ಮನ್ನು ಸಾಯಿಸದೆ ಇವರಿಗೆ ಕಥೆ ಮುಗಿಸಲು ಬರುವುದಿಲ್ಲವೇ? ಆದರೂ ಮರುದಿನ ಮತ್ತೆ ಹೋದೆ, ಚಟ ಹತ್ತಿತ್ತು. ಕೊನೆಗೊಂದು ಸಣ್ಣ ಕಥೆ ಸಿಕ್ಕಿತು. ಅದರಲ್ಲಿ ಇಬ್ಬರು ಹೆಂಗಸರು ಸಂತೆಯಿಂದ ಬಂದು, ಕೊತ್ತಂಬರಿ ಸೊಪ್ಪು ಮರೆತದ್ದು ಯಾರೆಂದು ಜಗಳವಾಡಿ, ಸೊಪ್ಪಿಲ್ಲದ ಸಾರನ್ನೇ ಉಂಡು ಮಲಗುತ್ತಾರೆ. ಅಷ್ಟೇ ಕಥೆ. ನಿಂತಲ್ಲೇ ಮೂರು ಸಲ ಓದಿದೆ. ಹೀಗೂ ಬದುಕಬಹುದು, ಹೀಗೆ ಬದುಕುವವಳು ನಾನು ಎಂದು ಆವತ್ತು ಮೊದಲ ಬಾರಿಗೆ ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದು ಅಜ್ಜಿಯನ್ನು ನಿಮ್ಮ ಬಗ್ಗೆ ಕೇಳಿದ್ದು ಆ ವಾರವೇ. ನೀವಿಬ್ಬರೂ ಯಾವುದಕ್ಕೆ ಜಗಳವಾಡುತ್ತೀರಿ ಅತ್ತೆ? ನನಗೆ ತಿಳಿಯುವ ಆಸೆಯಿದೆ.

ಕಥೆ ಓದಿದ ಮೇಲೆ ಚರಿತ್ರೆಗೆ ಕೈ ಹಾಕಿದೆ. ನಮ್ಮಂಥವರನ್ನು ಅಪರಾಧಿಗಳೆಂದ ಕಾನೂನು ಬ್ರಿಟಿಷರು ಬರೆದು ಹೋದದ್ದು, ಅಪ್ಪ 'ನಮ್ಮ ಸಂಸ್ಕೃತಿ' ಎಂದು ಎದೆ ತಟ್ಟಿಕೊಳ್ಳುವುದರಲ್ಲಿ ಅದರ ಎಂಜಲೂ ಇದೆ ಎಂದು ತಿಳಿದಾಗ ನಗಬೇಕೋ ಉಗಿಯಬೇಕೋ ಗೊತ್ತಾಗಲಿಲ್ಲ. ೨೦೧೮ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿದ ಸುದ್ದಿ ಪೇಪರಿನ ಮೊದಲ ಪುಟದಲ್ಲಿತ್ತು. ಅಪ್ಪ ಓದಿ, ಮುಖ ಕಿವುಚಿ, ಆ ಹಾಳೆಯನ್ನು ಅಮ್ಮ ಕರಿದ ಬಜ್ಜಿಯ ಕೆಳಗೆ ಹಾಸಿದ. ಎಲ್ಲರೂ ತಿಂದಾದ ಮೇಲೆ ನಾನು ಅದನ್ನು ಎತ್ತಿಟ್ಟುಕೊಂಡೆ. ಎಣ್ಣೆ ಕುಡಿದು ಕಂದಾಗಿದೆ, ಅಕ್ಷರ ಮಾತ್ರ ಓದಲು ಬರುತ್ತದೆ.

ಈಗ ಕಾಗದ ಬರೆಯಲು ಕಾರಣವಾದ ವಿಷಯಕ್ಕೆ ಬರುತ್ತೇನೆ. ಈ ತಿಂಗಳ ಹದಿನಾರನೇ ತಾರೀಕು ಭಾನುವಾರ ನಮ್ಮ ಮಾದು ಮೇಷ್ಟ್ರು, ಅಂದರೆ ನಿಮ್ಮಪ್ಪ, ನಮ್ಮ ಅಜ್ಜ, ಹುಟ್ಟಿ ನೂರು ವರ್ಷವಾದುದರ ನುಡಿನಮನ. ಅಂಬೇಡ್ಕರ್ ಭವನದಲ್ಲಿ ಬುದ್ಧವಂದನೆ, ಭಾಷಣ, ಊಟ. ಬಂದವರಿಗೆ ಹಂಚಲು 'ನಮ್ಮ ಮನೆಯ ಚರಿತ್ರೆ' ಎಂದು ಇಪ್ಪತ್ತು ಪುಟದ ಪುಸ್ತಕ. ಅಪ್ಪ ಹೇಳಿದ, ನಾನು ಟೈಪ್ ಮಾಡಿದೆ. ಮೊದಲ ಪುಟದಲ್ಲಿ ಅಪ್ಪನ ಮಾತು ಹೀಗಿದೆ: 'ನಮ್ಮನ್ನು ಪುಸ್ತಕಗಳಿಂದ ಅಳಿಸಿದರು. ಅಳಿಸಿದ ಹೆಸರುಗಳನ್ನು ಮತ್ತೆ ಬರೆಯುವುದೇ ಮೇಷ್ಟ್ರು ನಮಗೆ ಕಲಿಸಿದ ಚರಿತ್ರೆ.' ಟೈಪ್ ಮಾಡುವಾಗ ನನ್ನ ಕಣ್ಣು ಒದ್ದೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ತಗಡೂರಿನಲ್ಲಿ ಕೂಲಿ ಮಾಡುತ್ತಿದ್ದ ಮುತ್ತಜ್ಜಿಯ ಹೆಸರನ್ನು ಅಪ್ಪ ಹತ್ತು ಮನೆ ಅಲೆದು ಹುಡುಕಿ ತಂದಿದ್ದ. ಹದಿನಾಲ್ಕನೇ ಪುಟದಲ್ಲಿ ಮಕ್ಕಳು, ಮೊಮ್ಮಕ್ಕಳ ಪಟ್ಟಿ. ನಿಮ್ಮ ಹೆಸರನ್ನು ನಾನೇ ಸೇರಿಸಿದ್ದೆ. ಅಪ್ಪ ನೋಡಿ, "ಆ ಸಾಲು ತೆಗಿ. ಬಂದವ್ರು ಕೇಳುದ್ರೆ ಏನಂತ ಯೋಳ್ಲಿ? ಅಸಹ್ಯ ಕಣವ್ವ ಅದು" ಎಂದ. ಮುತ್ತಜ್ಜಿಯ ಹೆಸರಿಗಾಗಿ ಬಿಸಿಲಲ್ಲಿ ಅಲೆದ ಅದೇ ಮನುಷ್ಯ. ನಾನು ಜಗಳವಾಡಲಿಲ್ಲ ಅತ್ತೆ. ಒಂದು ಬೆರಳಿನಿಂದ ಒತ್ತಿ ನಿಮ್ಮನ್ನು ತೆಗೆದೆ. 'ಮಾದು ಮೇಷ್ಟ್ರಿಗೆ ಇಬ್ಬರು ಗಂಡುಮಕ್ಕಳು' ಎಂದು ಉಳಿಯಿತು. ಆಮೇಲೆ ಅಮ್ಮ ಕೊಟ್ಟ ಕಾಫಿ ಕುಡಿದೆ, ಅದು ರುಚಿಯಾಗಿಯೂ ಇತ್ತು.

ಇದಕ್ಕಿಂತ ನೀಚ ಕೆಲಸ ಮಾಡಿದ್ದು ನಿನ್ನೆ. ಪ್ರೆಸ್ಸಿನಿಂದ ಕರಡು ಬಂತು. ಅಜ್ಜಿ ಅದನ್ನು ಮಡಿಲಲ್ಲಿಟ್ಟುಕೊಂಡು ಹಾಳೆ ಹಾಳೆ ಸವರಿದಳು. ಅವಳಿಗೆ ಓದಲು ಬರುವುದಿಲ್ಲ, ಅದು ನಿಮಗೂ ಗೊತ್ತು. "ಇದ್ರಲ್ಲಿ ನನ್ ಇಂದ್ರಾಣಿ ಎಲ್ಲವ್ಳೆ, ತೋರ್ಸು. ನನ್ ಒಟ್ಟೇಲಿ ಉಟ್ಟಿದ್ದು ಮೂರು ಕಣವ್ವ, ಎಲ್ಡಲ್ಲ" ಎಂದಳು. ಅಪ್ಪ ಬಾಗಿಲಲ್ಲಿ ನಿಂತಿದ್ದ. ನಾನು ಅಜ್ಜಿಯ ಬೆರಳು ಹಿಡಿದು ಕೊನೆಯ ಪುಟಕ್ಕೆ ತಂದು ಒಂದು ಸಾಲಿನ ಮೇಲಿಟ್ಟು, "ಇಲ್ಲಿ ಅಜ್ಜಿ" ಎಂದೆ. ಅಲ್ಲಿದ್ದದ್ದು ಪ್ರೆಸ್ಸಿನ ಹೆಸರು, ವಿಳಾಸ. ಅಜ್ಜಿ ಅದನ್ನು ನಾಲ್ಕೈದು ಸಲ ಸವರಿ, ಬೆರಳನ್ನು ಕಣ್ಣಿಗೊತ್ತಿಕೊಂಡಳು. ಅಪ್ಪ ಒಳಗೆ ಹೋದ ಮೇಲೆ ಎಲೆಅಡಿಕೆ ಚೀಲದ ಒಳಜೇಬಿನ ಹೊಲಿಗೆ ಬಿಚ್ಚಿ ನಾಲ್ಕು ಮಡಿಕೆಯ ಚೀಟಿ ತೆಗೆದುಕೊಟ್ಟಳು. ನಿಮ್ಮ ವಿಳಾಸ! ಯಾವಾಗ ಹೇಗೆ ಬಂತೆಂದು ಕೇಳಿದರೆ ಬಾಯಿ ಬಿಡುವುದಿಲ್ಲ. "ಅವ್ಳಿಗೊಂದು ಪುಸ್ತ್ಕ ಕಳ್ಸು. ಅವ್ಳ ಎಸ್ರು ಅಚ್ಚಾಗದೆ, ನೋಡ್ಕಳ್ಳಿ" ಎಂದಳು. ನಾನು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಅಮ್ಮ ಪಿತ್ತವಿರಬೇಕು ಎಂದು ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟಳು.

ಅಜ್ಜಿಯನ್ನು ಒಂದು ಮಾತು ಕೇಳಿದ್ದೆ, ನಿಮ್ಮ ಟ್ರಂಕು ಬೀದಿಗೆ ಬಿದ್ದ ದಿನ ಮೇಷ್ಟ್ರು ಏನೆಂದರು ಅಂತ. ಪೇಪರು ಓದುತ್ತಾ ಕೂತಿದ್ದರಂತೆ. ನೂರು ವರ್ಷದ ಪುಸ್ತಕದಲ್ಲಿ ಅದೂ ಇಲ್ಲ. ಚರಿತ್ರೆ ಪಾಠ ಮಾಡುವ ನನಗೆ ನಮ್ಮ ಮನೆಯ ಚರಿತ್ರೆ ಕಂಡರೆ ವಾಕರಿಕೆ, ಅದನ್ನು ಬರೆದ ಕೈ ನನ್ನದೇ ಎನ್ನುವುದು ಇನ್ನೂ ದೊಡ್ಡ ವಾಕರಿಕೆ.

ಆರೋಗ್ಯ ನೋಡಿಕೊಳ್ಳಿ. ವನಜಾಕ್ಷಿ ಅತ್ತೆಗೆ ನನ್ನ ವಿಶೇಷ ನಮಸ್ಕಾರ. ಅಜ್ಜಿ ನಿಮ್ಮಿಬ್ಬರ ತಲೆಯ ಮೇಲೂ ಕೈಯಿಟ್ಟಿದ್ದಾಳೆ. ಇಬ್ಬರದೂ ಅಂತ ಬರಿ ಎಂದು ಅವಳೇ ಹೇಳಿದ್ದು, ನಾನು ಸೇರಿಸಿದ್ದಲ್ಲ.

ಜೈಭೀಮ್.

ನಿಮ್ಮ ಸೊಸೆ,
ಸಂಘಮಿತ್ರಾ

ಮತ್ತೆ: ಪೋಸ್ಟ್ ಆಫೀಸಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಸ್ಪೀಡ್ ಪೋಸ್ಟ್ ಕೌಂಟರ್ ಮುಚ್ಚುವ ಹೊತ್ತು. ಪುಸ್ತಕ ಇನ್ನೂ ಅಚ್ಚಾಗಿಲ್ಲ. ಕರಡು ತಿದ್ದಿ ಕೊಡಬೇಕಾದವಳು ನಾನು, ಹತ್ತನೇ ತಾರೀಕು ಸೋಮವಾರ ಕೊನೆ. ಅಪ್ಪ ಇನ್ನೊಮ್ಮೆ ನೋಡುವುದಿಲ್ಲ. ಹದಿನಾಲ್ಕನೇ ಪುಟದಲ್ಲಿ ನಿಮ್ಮ ಹೆಸರು ಬರಬೇಕೇ? ಪಕ್ಕದಲ್ಲಿ ವನಜಾಕ್ಷಿ ಅತ್ತೆಯ ಹೆಸರೂ ಬರಬೇಕೇ? ಇಷ್ಟು ವರ್ಷ ಎಲ್ಲರೂ ನಿಮ್ಮನ್ನು ಕೇಳದೆಯೇ ಅಳಿಸಿದರು, ನಾನು ಕೇಳದೆ ಬರೆಯುವುದಿಲ್ಲ. ನನ್ನ ಫೋನ್ ನಂಬರ್ ಲಕೋಟೆಯ ಹಿಂದಿದೆ. ಬೇಡವೆಂದರೆ ಅದೂ ಸರಿಯೇ, ಆಗ ಆ ಪಟ್ಟಿಯ ಕೆಳಗಿರುವ ನನ್ನ ಹೆಸರನ್ನೂ ತೆಗೆಯುತ್ತೇನೆ, ಏಕೆಂದರೆ ಯಾವ ಕಾರಣಕ್ಕೆ ನಿಮ್ಮನ್ನು ತೆಗೆಸಿದರೋ ಅದೇ ಕಾರಣಕ್ಕೆ ನನ್ನನ್ನೂ ತೆಗೆಯಬೇಕಾಗುತ್ತದೆ. ನನ್ನ ವಿಷಯ ಅಪ್ಪನಿಗೆ ಇನ್ನೂ ಗೊತ್ತಿಲ್ಲ. ಹದಿನಾರರ ಭಾನುವಾರ ಅಜ್ಜಿ ಮತ್ತೆ ಬೆರಳು ಚಾಚುತ್ತಾಳೆ ಅತ್ತೆ. ಎಲ್ಲಿಡಲಿ, ಹೇಳಿ.