ಗಿಟಾರಿನೊಳಗಿನ ಕುಂಕುಮ

ಅಮರೇಶ,

ನಿನ್ನ ಬೇಸ್ ಗಿಟಾರು ರಿಪೇರಿಯಾಗಿದೆ. ಕೌದಿಯಲ್ಲಿ ಸುತ್ತಿ ಮಂಚದ ಮೇಲಿಟ್ಟಿದ್ದೇನೆ. ವಾಲ್ಯೂಮಿನ ಎರಡೂ ಗುಂಡಿ ತಿರುಗಿಸಿ ನೋಡು. ಈಗ ಕರಕರ ಅನ್ನುವುದಿಲ್ಲ, ನಡುವೆ ದನಿ ಸಾಯುವುದೂ ಇಲ್ಲ.

ರೇಡಿಯೋ ರಿಪೇರಿಯ ಮೌಲಾಸಾಬ್ ನನ್ನೆದುರೇ ಅದನ್ನು ಬಿಚ್ಚಿದ. ಗುಂಡಿಗಳ ಒಳಗೆ ಎಣ್ಣೆ, ಕುಂಕುಮ ಕಲೆತು ಕೆಸರಾಗಿ ಕೂತಿತ್ತು. "ಯವ್ವಾ, ಇದಕ್ಕ ಯಾರು ಪೂಜಿ ಮಾಡ್ಯಾರ? ಬಂಡಿ ಗಾಲಿ ಅಂತ ತಿಳಕೊಂಡಾರೇನು?" ಎಂದು ನಕ್ಕ. ನನಗೆ ನಗು ಬರಲಿಲ್ಲ. ಆಯುಧ ಪೂಜೆಯ ದಿನ ಎಣ್ಣೆ ಬಿಟ್ಟು ಕುಂಕುಮ ಹಚ್ಚಿದವನು ನೀನೇ. ಮೌಲಾಸಾಬ್ ಒಂದು ಗುಂಡಿಯನ್ನು ತೊಳೆದು ಉಳಿಸಿದ, ಇನ್ನೊಂದು ಹೊಸದು ಹಾಕಿದ್ದಾನೆ. ಇನ್ನು ಮೇಲೆ ಒಣಬಟ್ಟೆಯಲ್ಲಿ ಒರೆಸು, ಸಾಕು.

ಲಿಂಗಸುಗೂರಿನ ಮದುವೆಯಲ್ಲಿ ಅದು ಕೈಕೊಟ್ಟಾಗ ನೀನು ಏನಂದೆ? "ಮುಟ್ಟಾದಾಕಿ ಕೈ ಹಚ್ಚಿದ್ದಕ್ಕ ಕೆಟ್ಟೈತಿ" ಅಂತ ಆರ್ಕೆಸ್ಟ್ರಾದ ಹುಡುಗರ ಮುಂದೆ ಕಟ್ಟಿಕೊಂಡ ಹೆಂಡತಿಯ ಮಾನ ಕಳೆದೆ. ಹುಲಿಗೆಮ್ಮ ಮುಕ್ಕುಂದದ ತವರಿಗೆ ಹೋದಳು.

ರೊಟ್ಟಿ ಬುಟ್ಟಿಯಲ್ಲಿವೆ. ಪುಂಡಿಪಲ್ಯ ಬಿಸಿ ಮಾಡಿಕೋ.

ನಾನು ಮುಕ್ಕುಂದಕ್ಕೆ ಹೊರಟಿದ್ದೇನೆ. ಸೊಸೆಯನ್ನು ಕರೆತರಲು ಅಲ್ಲ. ಮೌಲಾಸಾಬ್ ಕಂಡದ್ದನ್ನು ಆಕೆಗೆ ಹೇಳಿ ಅಲ್ಲೇ ಇರುತ್ತೇನೆ. ನೀನು ಬರುವುದಾದರೆ ಒಬ್ಬನೇ ಬರಬೇಡ. ಅವತ್ತು ಕೇಳಿ ಹಲ್ಲು ಕಿಸಿದ ಹುಡುಗರನ್ನೂ ಕರೆದುಕೊಂಡು ಬಾ. ಅವರೆದುರೇ "ಕೆಡಿಸಿದಾಂವ ನಾನಽ" ಅಂತ ಹೇಳು. ಆಮೇಲೆ ನಿನ್ನ ಜೊತೆ ಬರುವುದು ಬಿಡುವುದು ಆಕೆಗೆ ಸೇರಿದ್ದು. "ಹೋಗು" ಅಂತ ಮಾತ್ರ ನಾನು ಆಕೆಗೆ ಅನ್ನುವುದಿಲ್ಲ.

ನಿಮ್ಮವ್ವ