ಹಡಗಿನ ಮೇಲೆ ನಿಲ್ಲದ ವಿಮಾನ

ಮಾಮಾ,

ನೀನು ಇದನ್ನು ಓದುವುದಿಲ್ಲವೆಂದು ಗೊತ್ತಿದೆ. ಆದರೂ ನಿನಗೆ ಹೇಳಿದ ಸುಳ್ಳೊಂದನ್ನು ನಿನ್ನ ಮುಂದೆಯೇ ತೆಗೆಯಬೇಕು.

ಹತ್ತನೆಯ ತರಗತಿ ಬಿಟ್ಟ ವಾರ ಮಸ್ಕಿಯ ನಿನ್ನ ಟೈಪಿಂಗ್ ಕ್ಲಾಸಿಗೆ ಬಂದು ಕೂತಿದ್ದೆ. ಯಾಕೆ ಬಿಟ್ಟೆ ಎಂದು ನೀನೊಬ್ಬನೇ ಕೇಳಲಿಲ್ಲ. ಮೂಲೆಯ ಹಳೆಯ ಕಂಪ್ಯೂಟರ್ ತೋರಿಸಿದೆ. "ಬಾ ಬೇ, ಈ ಯುದ್ಧವಿಮಾನ ಹಡಗಿನ ಮ್ಯಾಲೆ ಇಳಸು ನೋಡೂಣು. ನನಗಂತೂ ಇಪ್ಪತ್ತು ವರ್ಷದಿಂದ ಇಳಿವಲ್ದು." ಬರೀ ಗೆರೆಗಳ ಆಟ. ಸಮುದ್ರವೂ ಗೆರೆ, ಹಡಗೂ ಗೆರೆ. ಸಿಂಧನೂರಿನಲ್ಲಿ ಯಾರಿಂದಲೋ ಫ್ಲಾಪಿಗೆ ಹಾಕಿಸಿಕೊಂಡು ತಂದಿದ್ದೆಯಂತೆ. ಯಾವ ಕೀ ಯಾವುದಕ್ಕೆ ಎಂದು ಹೇಳುವ ಪುಸ್ತಕ ಜೊತೆಗೆ ಬಂದಿರಲಿಲ್ಲ. ಒಂದೊಂದೇ ಒತ್ತಿ ಕಂಡುಕೊಂಡದ್ದನ್ನು ನೀನು ರಟ್ಟಿನ ಮೇಲೆ ಬರೆದಿಟ್ಟಿದ್ದೆ.

ನಮ್ಮ ವಿಮಾನ ಹಡಗನ್ನು ಮುಟ್ಟುತ್ತಿತ್ತು, ಜಾರುತ್ತ ಹೋಗಿ ಆ ತುದಿಯಲ್ಲಿ ಸಮುದ್ರಕ್ಕೆ ಬೀಳುತ್ತಿತ್ತು. "ಸ್ಪೀಡ್ ಜಾಸ್ತಿ ಆತು" ಎನ್ನುತ್ತಿದ್ದೆ ನೀನು. ಕಡಿಮೆ ಮಾಡಿದರೆ ಹಡಗು ಮುಟ್ಟುವ ಮೊದಲೇ ಬೀಳುತ್ತಿತ್ತು.

"ನಿನ್ನ ಕೈ ನಡಗತಾವು ಮಾಮಾ."

"ನಿನ್ನ ಕೈ ಏನ್ ಮಾಡತಾವ ಮತ್ತ, ರೊಟ್ಟಿ ಬಡಿತಾವೇನು?"

ಹೀಗೆ ಮೂರು ವರ್ಷ.

ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಕಣ್ಣು ತೆರೆದು ನೀನು ಕೇಳಿದ್ದು ಅದನ್ನೇ. "ಇಳೀತೇನ ಬೇ?" ಶಾಲೆ ಬಿಟ್ಟಾಗಲೂ ನೆಪ ಹೇಳದೆ, ಓದಲು ಮನಸ್ಸಿಲ್ಲ ಎಂದವಳು ನಾನು. ಅವತ್ತು "ಇಳೀತು" ಎಂದುಬಿಟ್ಟೆ.

"ಸ್ಪೀಡ್ ಕಡಿಮಿ ಮಾಡಿದ್ದೀ, ಹೌದಿಲ್ಲೋ?"

"ಹೂಂ."

"ನಾ ಹೇಳಿದ್ನಿಲ್ಲ! ನನ್ನ ಕೈಲೆ ಆಗಲಿಲ್ಲ ನೋಡು."

ಪಕ್ಕದ ಹಾಸಿಗೆಯವನಿಗೂ ನೀನು ಹೇಳಿದೆ. ನಗುತ್ತಿದ್ದೆ, ಆದರೆ ನಿನ್ನ ಕೈಲಾಗಲಿಲ್ಲ ಎಂಬ ಆ ಮಾತು...

ನೀನು ಹೋಗಿ ಕ್ಲಾಸ್ ಮುಚ್ಚಿದ ಮೇಲೆ ಸಾಮಾನು ತೆಗೆಯಲು ಅತ್ತೆ ಕರೆದಳು. ಒಳ್ಳೆಯ ಕೀಬೋರ್ಡ್ ಟೈಪಿಂಗ್ ಕಲಿಯುವವರಿಗೆ, ಕೆಟ್ಟದ್ದು ಆಟಕ್ಕೆ ಎಂಬುದು ನಿನ್ನ ಪದ್ಧತಿ. ಈಗ ಒಳ್ಳೆಯವು ಸುಮ್ಮನೆ ಬಿದ್ದಿದ್ದವು. ಒಂದನ್ನು ಆಟದ ಕಂಪ್ಯೂಟರಿಗೆ ಜೋಡಿಸಿ, ರಟ್ಟಿನಲ್ಲಿ ಇಲ್ಲದ ಕೀಗಳನ್ನೆಲ್ಲ ಒತ್ತಿ ನೋಡಿದೆ. ನಮ್ಮ ಕೀಬೋರ್ಡಿನಲ್ಲಿ ಎಚ್ ಕೆಲಸ ಮಾಡುತ್ತಿರಲಿಲ್ಲವಲ್ಲ? ಅದನ್ನು ಒತ್ತಿದಾಗ ವಿಮಾನದ ಬಾಲದ ಕೆಳಗೆ ಒಂದು ಕೊಕ್ಕೆ ಇಳಿಯಿತು. ಹಡಗಿನ ಮೇಲಿನ ಅಡ್ಡಗೆರೆಗಳನ್ನು ನಾವು ಬಣ್ಣದ ಪಟ್ಟಿ ಎಂದುಕೊಂಡಿದ್ದೆವು. ಅವು ಹಗ್ಗ, ಮಾಮಾ. ಕೊಕ್ಕೆ ಹಗ್ಗಕ್ಕೆ ಸಿಕ್ಕಿತು. ವಿಮಾನ ನಿಂತಿತು.

ಅತ್ತೆಗೆ ನನ್ನ ಸುಳ್ಳನ್ನು ಹೇಳಿದೆ. "ಖುಷಿಲೇ ಹೋಗ್ಯಾರ, ಬಿಡವಾ ಅದನ್ನ" ಎಂದಳು. ಖುಷಿಯಲ್ಲಿ ಹೋದೆಯೋ, ಕೈಲಾಗದವನು ಎಂದುಕೊಂಡು ಹೋದೆಯೋ?

ಆಸ್ಪತ್ರೆಯಲ್ಲಿ ಹೇಳಿದ ದಿನ ನಾನು ಇಳಿಸಿರಲಿಲ್ಲ. ಮೊನ್ನೆ ಇಳಿಸಿದ್ದು ನೀನು ಯಾವಾಗಲೂ ಬರುತ್ತಿದ್ದ ಸ್ಪೀಡಿನಲ್ಲೇ, ಒಂದಿಷ್ಟೂ ಕಡಿಮೆ ಮಾಡದೆ. ಇಪ್ಪತ್ತು ವರ್ಷವೂ ನೀನು ಸರಿಯಾಗಿಯೇ ಇಳಿಸುತ್ತಿದ್ದೆ.